ಇಬ್ಬರು ‘ಚಿ|| ರಾ||’: ಬೆಳಗಾವಿಯ ಅಂಗಡಿಕಾರರಿಗೂ ಗಿರಾಕಿಗಳಿಗೂ ಒಂದು ಬಹಿರಂಗ ಪತ್ರ

ಬೆಳಗಾವಿಯ ವ್ಯಾಪಾರಸ್ಥ ಬಂಧುಗಳಿಗೆ, ಮತ್ತು ನಮ್ಮ ಅಂಗಡಿಗಳ ಮೆಟ್ಟಿಲು ಹತ್ತುವ ಎಲ್ಲ ಗಿರಾಕಿಗಳಿಗೆ ನಮಸ್ಕಾರ.

ನಾನು ಶಹಾಪುರದ ಕಡೆ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. 26 ವರ್ಷ ಆಯಿತು. ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ಜಾತ್ರೆಯ ಹ್ಯಾಂಡ್‌ಬಿಲ್ಲು ಎಲ್ಲ ಮಾಡುತ್ತೇನೆ. ಆದರೆ ಮನೆ ನಡೆಯುವುದು ಲಗ್ನಪತ್ರಿಕೆಯಿಂದ. ಕನ್ನಡದಲ್ಲೂ ಹಾಕುತ್ತೇನೆ, ಮರಾಠಿಯಲ್ಲೂ ಹಾಕುತ್ತೇನೆ. ಎರಡೂ ಭಾಷೆಯ ಬೀಗರು ಇರುವ ಮನೆಗಳಿಗೆ ಒಂದೇ ಕಾರ್ಡಿನಲ್ಲಿ ಎರಡೂ ಹಾಕಿ ಕೊಡುತ್ತೇನೆ.

ಹೋದ ತಿಂಗಳು ಒಂದು ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ‘ಗೇ ಮದುವೆಗೆ ವಿರೋಧ ಇರುವ ಮಾಲೀಕರ ಅಂಗಡಿಗಳಿವು. ಇಲ್ಲಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ’ ಅಂತ ಮೇಲೆ ಬರೆದಿತ್ತು. ಕೆಳಗೆ 11 ಹೆಸರು. ಏಳನೆಯದು ನನ್ನದು.

ಎರಡು ದಿನದಲ್ಲಿ ಇನ್ನೊಂದು ಸಂದೇಶ ಬಂತು. ಅದೇ 11 ಹೆಸರು, ತಲೆಬರಹ ಮಾತ್ರ ಉಲ್ಟಾ. ‘ನಮ್ಮ ಸಂಸ್ಕೃತಿ ಉಳಿಸಿದ ಅಂಗಡಿಗಳು, ಎಲ್ಲರೂ ಇಲ್ಲೇ ಖರೀದಿ ಮಾಡಿ.’ ಮಾರನೇ ದಿನ ಗುರುತು ಪರಿಚಯ ಇಲ್ಲದ ಒಬ್ಬರು ಬಂದು ನನ್ನ ಕೈ ಕುಲುಕಿದರು. “ಭೇಷ್ ಮಾಡಿದ್ರಿ ಸಾಹುಕಾರ್ರ” ಅಂದರು. ಏನೂ ಆರ್ಡರ್ ಕೊಡಲಿಲ್ಲ, ಚಹಾ ಕುಡಿದು ಹೋದರು.

ಭೇಷ್ ಅನ್ನಿಸಿಕೊಳ್ಳಲು ನಾನು ಮಾಡಿದ್ದೇನು ಅಂತ ಮೊದಲು ಹೇಳಿಬಿಡುತ್ತೇನೆ. ಆಮೇಲೆ ನಿಮಗೆ ಹೇಳಬೇಕಾದ್ದು ಇದೆ.

ತುಳಸಿ ಲಗ್ನ ಮುಗಿದ ವಾರ ಅದು. ಆ ವಾರ ನಮ್ಮ ಧಂದೆಯವರು ಊಟಕ್ಕೂ ಮನೆಗೆ ಹೋಗುವುದಿಲ್ಲ. ಇಬ್ಬರು ಹುಡುಗರು ಬಂದರು. ಹುಡುಗರು ಅಂದರೆ ಮೂವತ್ತರ ಆಜುಬಾಜು. ಯಾವ ಊರು, ಏನು ಕೆಲಸ ಅಂತ ಬರೆಯುವುದಿಲ್ಲ. 60 ಕಾರ್ಡು ಬೇಕು, ಸಾದಾ ಇರಲಿ, ಮನೆ ಮಟ್ಟಿಗೆ ಒಂದು ಊಟ ಇಟ್ಟುಕೊಂಡಿದ್ದೇವೆ ಅಂದರು. ಮ್ಯಾಟರನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡು ಬಂದಿದ್ದರು. ಓದುತ್ತ ಹೋದೆ. ಮೇಲೆ ಒಂದು ‘ಚಿ|| ರಾ||’. ನಡುವೆ ‘ಜೊತೆ’. ಕೆಳಗೆ ಮತ್ತೊಂದು ‘ಚಿ|| ರಾ||’.

ನನ್ನ ಕೈಗೆ ರೂಢಿ ಇದೆ ನೋಡಿ. ಕೆಂಪು ಪೆನ್ನು ತೆಗೆದು ಕೆಳಗಿನದನ್ನು ಹೊಡೆದು ‘ಚಿ|| ಸೌ|| ಕುಂ||’ ಅಂತ ತಿದ್ದಲು ಹೋದೆ. ಜನ ಹೀಗೆ ತಪ್ಪು ಬರೆದುಕೊಂಡು ಬರುವುದು ಹೊಸದಲ್ಲ. ಅವರಲ್ಲಿ ಒಬ್ಬ ಮೆಲ್ಲಗೆ ಅಂದ: “ತಪ್ಪಲ್ಲರಿ ಕಾಕಾ. ಹಂಗ ಇರ್ಬೇಕು.”

ಅರ್ಥ ಆಗಲು ಒಂದು ಕ್ಷಣ ಬೇಕಾಯಿತು. ಅರ್ಥ ಆದ ಮೇಲೆ ನಾನು ಅವರ ಮುಖ ನೋಡಲಿಲ್ಲ, ಪಕ್ಕದವರ ಮುಖ ನೋಡಿದೆ. ಕೌಂಟರಿನ ಆ ತುದಿಯಲ್ಲಿ ಹಳೇ ಗಿರಾಕಿಯೊಬ್ಬರು ಮಗಳ ಮದುವೆಗೆ ಕಾರ್ಡ್ ಆರಿಸುತ್ತಿದ್ದರು. ಸಾವಿರ ಕಾರ್ಡಿನ ಆರ್ಡರ್. ಅವರು ಕೇಳಿಸಿಕೊಂಡರೋ ಇಲ್ಲವೋ ಈಗಲೂ ಗೊತ್ತಿಲ್ಲ. ನಾನು ಹಾಳೆ ವಾಪಸ್ ಕೊಟ್ಟು, “ಮಶೀನ್ ಕೆಟ್ಟೈತ್ರಿ, ಈ ವಾರ ಆಗೂದಿಲ್ಲ” ಅಂದೆ.

ಹಿಂದಿನ ಕೋಣೆಯಲ್ಲಿ ಆಫ್‌ಸೆಟ್ ಮಶೀನು ಟಕಟಕ ಅಂತ ಓಡುತ್ತಿತ್ತು.

ಅವರು ಸ್ವಲ್ಪ ಹೊತ್ತು ನಿಂತರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿ ಇಟ್ಟುಕೊಂಡರು. “ಇರ್ಲಿ ಬಿಡ್ರಿ” ಅಂದು ಇಳಿದು ಹೋದರು. ನಾನು ಕಾರ್ಡಿನ ಆಲ್ಬಮ್ ಎತ್ತಿಕೊಂಡು ಹಳೇ ಗಿರಾಕಿಯ ಕಡೆ ತಿರುಗಿದೆ. ಇಷ್ಟೇ ನಡೆದದ್ದು.

ಇನ್ನು ಪಟ್ಟಿಯ ಮೂರನೇ ಹೆಸರಿನ ವಿಷಯ. ಅವರು ಸಿಹಿ ತಿಂಡಿಯ ವ್ಯಾಪಾರಿ, ನನಗಿಂತ ಹಿರಿಯರು. ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಕಾನೂನು ಮಾನ್ಯತೆ ಕೊಡಲು ಆಗುವುದಿಲ್ಲ ಅಂತ ತೀರ್ಪು ಕೊಟ್ಟಿತಲ್ಲ, ಆ ಸಂಜೆ ಅವರು ತಮ್ಮ ಅಂಗಡಿ ಮುಂದೆ ಕೂತು ಜೋರಾಗಿಯೇ ಹೇಳಿದ್ದರು: “ಚಲೋ ಆತು. ಗಂಡು ಗಂಡು ಲಗ್ನ ಆಗೂದಂದ್ರ ಏನು, ಕಲಿಗಾಲ.” ಹತ್ತು ಜನ ಕೇಳಿದ್ದಾರೆ, ನಾನೂ ಕೇಳಿದ್ದೇನೆ. ಹಾಗಾಗಿ ಪಟ್ಟಿಗೆ ಬಿದ್ದರು. ಆದರೆ ಅದೇ ಇಬ್ಬರು ಹುಡುಗರ ಮನೆ ಊಟಕ್ಕೆ ಕುಂದಾ ಹೋದದ್ದು ಅವರ ಅಂಗಡಿಯಿಂದಲೇ. ಯಾರಿಗೆ, ಯಾಕೆ ಅಂತ ಗೊತ್ತಿದ್ದೇ ಕೊಟ್ಟರು. ತೂಕದಲ್ಲಿ ಕಡಿಮೆ ಇಲ್ಲ, ರೇಟಿನಲ್ಲಿ ಹೆಚ್ಚಿಲ್ಲ. ಹುಡುಗ ಒಬ್ಬನೇ ಡಬ್ಬಿ ಹೊರಲು ಪರದಾಡುತ್ತಿದ್ದ ಅಂತ ತಮ್ಮ ಕೆಲಸದವನ ಕೈಯಲ್ಲಿ ರಿಕ್ಷಾ ತನಕ ಹೊರಿಸಿದರು. ಆಮೇಲೆ ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟು: “ಕುಂದಾ ಕೇಳ್ಯಾರ, ಕೊಟ್ಟೀನಿ. ನನ್ನ ಒಪ್ಪಿಗಿ ಕೇಳಿಲ್ಲ.”

ನಾನೋ, ಮಗ ಬೆಂಗಳೂರಿನಲ್ಲಿ ಓದಿದವನು, ಮನೆಯಲ್ಲಿ ಈ ಮಾತೆಲ್ಲ ನಡೆದಿದೆ, ‘ಅವರವರ ಬದುಕು ಅವರವರದು’ ಅಂತ ನಾನೇ ಊಟದ ಹೊತ್ತಿನಲ್ಲಿ ದೊಡ್ಡದಾಗಿ ಭಾಷಣ ಮಾಡಿದ್ದೇನೆ. ನನಗೆ ವಿರೋಧವೇ ಇಲ್ಲ. ಆದರೂ ವಾಪಸ್ ಕಳಿಸಿದವನು ನಾನು. ವಿರೋಧ ಇರುವವರು ಡಬ್ಬಿ ತುಂಬಿ ಕಳಿಸಿದರು.

ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಪಟ್ಟಿಯ ಬಗ್ಗೆ ನನ್ನ ತಕರಾರು ಅದೇ. ನನ್ನ ಹೆಸರು ಹಾಕಿದ್ದಕ್ಕೆ ತಕರಾರಿಲ್ಲ. ಮಾಲೀಕನ ತಲೆಯಲ್ಲಿ ಏನಿದೆ ಅಂತ ಹುಡುಕಿದ್ದೀರಿ. ಅವನ ಕೌಂಟರಿನಲ್ಲಿ ಏನು ನಡೆಯುತ್ತದೆ ಅಂತ ನೋಡಿಲ್ಲ.

ಅಭಿಪ್ರಾಯ ನೋಡಿ ಅಂಗಡಿ ಆರಿಸುವುದಾದರೆ ಬೆಳಗಾವಿಯಲ್ಲಿ ಯಾರಿಗೂ ಚಹಾ ಸಿಗುವುದಿಲ್ಲ, ಅಲ್ವಾ? ಗಡಿ ವಿಷಯದಲ್ಲಿ ನಾನು ಒಂದು ಕಡೆ, ನನಗೆ ಪೇಪರ್ ಕೊಡುವ ವ್ಯಾಪಾರಿ ಇನ್ನೊಂದು ಕಡೆ. ನವೆಂಬರ್ 1ಕ್ಕೆ ನಾನು ಬಾವುಟ ಕಟ್ಟುತ್ತೇನೆ, ಅವರು ಆವತ್ತು ಕರಾಳ ದಿನ ಅಂತ ಶಟರ್ ಎಳೆಯುತ್ತಾರೆ. 2ನೇ ತಾರೀಕು ಬೆಳಿಗ್ಗೆ ಅವರ ಟೆಂಪೋ ನನ್ನ ಬಾಗಿಲಿಗೆ ಬಂದಿರುತ್ತದೆ. ಈ ಊರು ನಡೆಯುತ್ತಿರುವುದೇ ಹಾಗೆ. ಈ ಹೊಂದಾಣಿಕೆ ಮುರಿದಾಗ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರ ನಂಬರಿನ ಲಾರಿಗಳ ಗಾಜು ಒಡೆದರು. ಆ ಲಾರಿ ಓಡಿಸುತ್ತಿದ್ದವನನ್ನು ಗಡಿ ಬಗ್ಗೆ ನಿನ್ನ ಅಭಿಪ್ರಾಯ ಏನಪ್ಪಾ ಅಂತ ಯಾರೂ ಕೇಳಿರಲಿಲ್ಲ.

ಹಾಗಂತ ಗಿರಾಕಿ ಸುಮ್ನೆ ದುಡ್ಡು ಕೊಟ್ಟು ಹೋಗಬೇಕು ಅಂತ ನಾನು ಹೇಳುತ್ತಿಲ್ಲ. ಹೊರದೇಶದಲ್ಲಿ ನಡೆದದ್ದನ್ನು ಸ್ವಲ್ಪ ನೋಡೋಣ, ಯಾಕೆಂದರೆ ಪಟ್ಟಿ ಮಾಡಿದವರು ಅಲ್ಲಿಂದಲೇ ಉಪಾಯ ಕಲಿತಂತಿದೆ.

ಅಮೆರಿಕದಲ್ಲಿ ಚಿಕ್-ಫಿಲ್-ಎ ಅಂತ ಚಿಕನ್ ಹೋಟೆಲುಗಳ ದೊಡ್ಡ ಕಂಪನಿ ಇದೆ. 2012ರಲ್ಲಿ ಅದರ ಮುಖ್ಯಸ್ಥ ಡ್ಯಾನ್ ಕ್ಯಾಥಿ ಗೇ ಮದುವೆಗೆ ವಿರೋಧವಾಗಿ ಮಾತಾಡಿದರು. ಬರೀ ಮಾತಾಗಿದ್ದರೆ ಅಷ್ಟು ದೊಡ್ಡದಾಗುತ್ತಿರಲಿಲ್ಲವೇನೋ. ಕಂಪನಿಯ ದಾನದ ಹಣ ಅಂಥ ಮದುವೆಯನ್ನು ವಿರೋಧಿಸುವ ಸಂಸ್ಥೆಗಳಿಗೂ ಹೋಗುತ್ತಿತ್ತು. ಒಂದು ಕಡೆಯವರು ಅಲ್ಲಿ ತಿನ್ನಬೇಡಿ ಅಂದರು. ಇನ್ನೊಂದು ಕಡೆಯವರು ಆಗಸ್ಟ್ 1ರಂದು ಬೆಂಬಲದ ದಿನ ಅಂತ ಘೋಷಿಸಿ ಹೋಟೆಲುಗಳ ಮುಂದೆ ಉದ್ದುದ್ದ ಸಾಲು ನಿಂತರು. ಆವತ್ತು ಭರ್ಜರಿ ವ್ಯಾಪಾರ. ಬಾಸ್ಟನ್ ಮೇಯರ್ ನಮ್ಮೂರಿಗೆ ನೀವು ಬರಬೇಡಿ ಅಂತ ಪತ್ರ ಬರೆದರು. ಆಗ ಗೇ ಹಕ್ಕುಗಳಿಗಾಗಿ ಕೋರ್ಟಿನಲ್ಲಿ ಹೋರಾಡುವ ಎಸಿಎಲ್‌ಯು ಸಂಸ್ಥೆಯೇ ತಕರಾರು ತೆಗೆಯಿತು: ಮಾಲೀಕನ ಅಭಿಪ್ರಾಯ ಸರಿ ಇಲ್ಲ ಅಂತ ಸರ್ಕಾರ ಲೈಸೆನ್ಸ್ ತಡೆಯುವಂತಿಲ್ಲ. ಇದು ನನಗೆ ಬಹಳ ಹಿಡಿಸಿತು. ಇವತ್ತು ನಿಮಗೆ ಬೇಕಾದ ಮೇಯರ್ ಇದ್ದಾನೆ, ನಾಳೆ ಬೇರೆಯವನು ಬರುತ್ತಾನೆ.

ಆ ಕಂಪನಿ ದಾನದ ದಾರಿ ಬದಲಿಸುತ್ತೇವೆ ಅಂತ ಹೇಳಿದ್ದು 2019ರಲ್ಲಿ. ಏಳು ವರ್ಷ ಬೇಕಾಯಿತು. ಇಟಲಿಯ ಪಾಸ್ತಾ ಕಂಪನಿ ಬರಿಲ್ಲಾ ಇಷ್ಟು ದಿನ ತೆಗೆದುಕೊಳ್ಳಲಿಲ್ಲ. ಅದರ ಅಧ್ಯಕ್ಷರು 2013ರಲ್ಲಿ ರೇಡಿಯೋದಲ್ಲಿ, ನಮ್ಮ ಜಾಹೀರಾತಿನಲ್ಲಿ ಗೇ ಕುಟುಂಬ ತೋರಿಸುವುದಿಲ್ಲ ಅಂದರು. ಜನ ಪಾಸ್ತಾ ಬಿಟ್ಟರು. ಅವರು ಕ್ಷಮೆ ಕೇಳಿದರು, ಒಂದು ವರ್ಷದಲ್ಲಿ ಕಂಪನಿಯ ನಿಯಮಗಳನ್ನೇ ಬದಲಿಸಿದರು.

ಇವೆಲ್ಲ ದೊಡ್ಡ ಕಂಪನಿಗಳ ಕತೆ. ಮೂರು ಜನ ಕೆಲಸ ಮಾಡುವ ಅಂಗಡಿಗೆ ಇದನ್ನು ಹಾಗೇ ತಂದು ಹಾಕಿದರೆ ಮೊದಲು ಪಗಾರ ಕಳೆದುಕೊಳ್ಳುವವನು ನನ್ನ ಬೈಂಡಿಂಗ್ ಹುಡುಗ. ಅವನಿಗೆ ಈ ಗಲಾಟೆ ಏನು ಅಂತಲೇ ಗೊತ್ತಿಲ್ಲ. ಗಿರಾಕಿ ಕೊಟ್ಟ ದುಡ್ಡನ್ನು ಮಾಲೀಕ ಇನ್ನೊಬ್ಬರ ಹಕ್ಕು ಕಿತ್ತುಕೊಳ್ಳಲು ಖರ್ಚು ಮಾಡುತ್ತಿದ್ದರೆ, ಖಂಡಿತ ನಿಮ್ಮ ದುಡ್ಡು ವಾಪಸ್ ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು. ಅದಕ್ಕೆ ನಮ್ಮೂರಲ್ಲೇ ದಾಖಲೆ ಇದೆ. 1924ರ ಡಿಸೆಂಬರಿನಲ್ಲಿ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅಸಹಕಾರವನ್ನು ಸದ್ಯಕ್ಕೆ ನಿಲ್ಲಿಸುವುದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಪರದೇಶಿ ಬಟ್ಟೆ ಬೇಡ ಎನ್ನುವುದೊಂದನ್ನು ಮಾತ್ರ ಬಿಡಲಿಲ್ಲ.

ಅದೇ ಅಧಿವೇಶನದ ಭಾಷಣದಲ್ಲಿ ಗಾಂಧೀಜಿ ಅಸ್ಪೃಶ್ಯತೆಯ ಬಗ್ಗೆಯೂ ಮಾತಾಡಿದರು. ಅಂದರೆ ಅದೇ ಮೈದಾನದಲ್ಲಿ ಎರಡು ಥರದ ಬಹಿಷ್ಕಾರದ ಮಾತು ಬಂತು. ಕೊಳ್ಳುವವನು ಬೇಡ ಅನ್ನುವುದು ಒಂದು. ಮಾರುವವನು ನಿನಗೆ ಕೊಡುವುದಿಲ್ಲ ಅನ್ನುವುದು ಇನ್ನೊಂದು. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಬಹಿಷ್ಕಾರ’ ಅಂದ ಕೂಡಲೇ ಜನರಿಗೆ ನೆನಪಾಗುವುದು ಎರಡನೆಯದು. ಕಿರಾಣಿ ಅಂಗಡಿಯಲ್ಲಿ ಸಾಮಾನು ಇಲ್ಲ, ಕ್ಷೌರದ ಅಂಗಡಿಯಲ್ಲಿ ಕೂರಲು ಕುರ್ಚಿ ಇಲ್ಲ, ಗಿರಣಿಯಲ್ಲಿ ಹಿಟ್ಟು ಬೀಸುವುದಿಲ್ಲ. ಪಕ್ಕದ ಮಹಾರಾಷ್ಟ್ರ ಇದನ್ನು ತಡೆಯಲು 2016ರಲ್ಲಿ ಪ್ರತ್ಯೇಕ ಕಾನೂನೇ ಮಾಡಬೇಕಾಯಿತು. ನಾನು ಆ ಹುಡುಗರಿಗೆ ಮಾಡಿದ್ದು ಈ ಎರಡನೇ ಥರದ್ದು. ‘ಮಶೀನ್ ಕೆಟ್ಟೈತಿ’ ಅನ್ನುವುದಕ್ಕೂ ‘ನಿನಗ ಕಟಿಂಗ್ ಇಲ್ಲ’ ಅನ್ನುವುದಕ್ಕೂ ಇರುವ ವ್ಯತ್ಯಾಸ ಅಂದರೆ ನನ್ನದರಲ್ಲಿ ಮರ್ಯಾದೆಯ ಬಣ್ಣ ಸ್ವಲ್ಪ ಜಾಸ್ತಿ.

ಈಗ ನನ್ನ ವ್ಯಾಪಾರಸ್ಥ ಬಂಧುಗಳಿಗೆ. ಮಂಟಪದವರು, ಶಾಮಿಯಾನದವರು, ಫೋಟೋದವರು, ಬ್ಯಾಂಡಿನವರು, ಸೀರೆ ಅಂಗಡಿಯವರು, ಎಲ್ಲರಿಗೂ.

ಇಂಥ ಜೋಡಿಯ ಕೆಲಸ ಹಿಡಿಯುವ ಬಗ್ಗೆ ನಿಮ್ಮಲ್ಲಿ ಕೆಲವರು ನನಗೆ ಹೇಳಿದ್ದೀರಿ, “ಹಂಗ ಮಾಡಿದ್ರ ಕೇಸ್ ಆಗ್ತದ.” ಆಗುವುದಿಲ್ಲ. ಹಳೇ ದಂಡ ಸಂಹಿತೆಯ 377ನೇ ಕಲಮಿನಲ್ಲಿ ಸಲಿಂಗ ಸಂಬಂಧ ಅಪರಾಧ ಅಂತ ಇದ್ದದ್ದನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದೇ ತೆಗೆದುಹಾಕಿದೆ. ಇಬ್ಬರು ವಯಸ್ಕರು ಜೊತೆಗಿರುವುದು ಅಪರಾಧ ಅಲ್ಲ. 2023ರ ತೀರ್ಪು ಹೇಳಿದ್ದು ಅಂಥ ಮದುವೆಯನ್ನು ಸರ್ಕಾರದ ರಿಜಿಸ್ಟರಿನಲ್ಲಿ ಬರೆಸಲು ಈಗಿನ ಕಾನೂನಿನಲ್ಲಿ ದಾರಿ ಇಲ್ಲ ಅಂತ. ಊಟ ಹಾಕಬೇಡಿ, ಕಾರ್ಡು ಕೊಡಬೇಡಿ ಅಂತ ಹೇಳಿಲ್ಲ. ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಬಹುದು, ಅದಕ್ಕೆ ಅಡ್ಡಿ ಇಲ್ಲ ಅಂತ ಕೇಂದ್ರದ ಹಣಕಾಸು ಇಲಾಖೆಯೇ 2024ರ ಆಗಸ್ಟಿನಲ್ಲಿ ಸ್ಪಷ್ಟ ಮಾಡಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎರಡು ಹೆಸರು ಒಟ್ಟಿಗೆ ಅಚ್ಚಾಗುತ್ತವೆ. ನನ್ನ 300 ಜಿಎಸ್‌ಎಂ ಕಾರ್ಡಿಗೆ ಏನು ದಾಡಿ?

ಗೇ ಗಿರಾಕಿಯನ್ನು ವಾಪಸ್ ಕಳಿಸಿದರೆ ಇಂಥದೇ ಶಿಕ್ಷೆ ಅಂತ ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಅದನ್ನೂ ಹೇಳಿಬಿಡುತ್ತೇನೆ. ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ 2019ರ ಕಾಯ್ದೆ ಇದೆ, ಅವರಿಗೆ ಸರಕು ಸೇವೆ ನಿರಾಕರಿಸುವಂತಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರು ಹಿಡಿದೇ, ಧರ್ಮ, ಜಾತಿ, ಲಿಂಗ ನೋಡಿ ಯಾರನ್ನೂ ತಡೆಯಬಾರದು ಅನ್ನುತ್ತದೆ. 2018ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಆ ‘ಲಿಂಗ’ ಅನ್ನುವ ಮಾತಿನೊಳಗೆ ಇವರನ್ನೂ ಸೇರಿಸಿ ಓದಿದ್ದಾರೆ. ಇಷ್ಟು ಸಾಕಾಗಬೇಕು. ಶಿಕ್ಷೆ ಇಲ್ಲದಿದ್ದರೆ ಮಾಡಬಹುದು ಅಂತ ನಾವು ವ್ಯಾಪಾರ ಕಲಿತಿಲ್ಲ.

“ಇದು ಪರದೇಶದ್ದು” ಅನ್ನುವ ಮಾತಿಗೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡ ನಮ್ಮ ಜಿಲ್ಲೆಯಲ್ಲೇ ಇದೆ. ಸೀರೆ ಉಟ್ಟ ಜೋಗಪ್ಪ ಅಂಗಡಿ ಮುಂದೆ ಬಂದರೆ ನಾವೆಲ್ಲ ಎದ್ದು ನಿಂತು ಪಡ್ಡಲಗಿಗೆ ದುಡ್ಡು ಹಾಕಿ ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಅದು ಬೇರೆ ಇದು ಬೇರೆ ಅನ್ನಬಹುದು ನೀವು. ಬೇರೆಯೇ, ಒಪ್ಪುತ್ತೇನೆ. ಆದರೆ ಗಂಡು ಹೆಣ್ಣು ಅನ್ನುವ ಎರಡೇ ಕಾಲಮಿನಲ್ಲಿ ಎಲ್ಲರೂ ಹಿಡಿಸುವುದಿಲ್ಲ ಅಂತ ಈ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ನಾನು ನಿಜವಾಗಿ ನಿಂತು ಮಾತಾಡಬೇಕಿರುವುದು ಬೇರೆ ವಿಷಯ. ಪ್ರೆಸ್ಸಿನವನು ಬೇಡ ಅನ್ನಲೇಬೇಕಾದ ಲಗ್ನಪತ್ರಿಕೆ ಒಂದಿದೆ. ಹುಡುಗಿಗೆ 18, ಹುಡುಗನಿಗೆ 21 ಆಗಿರದ ಮದುವೆಯದ್ದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಅಂಥ ಮದುವೆ ಮಾಡಿಸಿದವರಿಗೂ ಪ್ರೋತ್ಸಾಹ ಕೊಟ್ಟವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂತ ಮಾಡಿದೆ. ವಯಸ್ಸಿನ ದಾಖಲೆ ನೋಡದೆ ಕಾರ್ಡು ಹಾಕಬೇಡಿ ಅಂತ ಅಧಿಕಾರಿಗಳು ನಮಗೂ ಮಂಟಪದವರಿಗೂ ಹೇಳುತ್ತಲೇ ಇರುತ್ತಾರೆ. ನಾವು ನೋಡುತ್ತೇವೆಯೇ? ಎದೆ ಮುಟ್ಟಿ ಹೇಳಿ. ಅವಸರದಲ್ಲಿ ಬಂದ ಅಪ್ಪ, ‘ಎರಡೂ ಮನಿ ಪರಿಚಯದಾವು, ದಾಖಲಿ ಆಮ್ಯಾಲ ಕೊಡ್ತೀನಿ’ ಅಂದರೆ, ನಾವು ಹುಡುಗಿಯ ವಯಸ್ಸು ಕೇಳುತ್ತೇವೋ, ಎಷ್ಟು ಕಾರ್ಡು ಅಂತ ಕೇಳುತ್ತೇವೋ? ಆವತ್ತು ನಮ್ಮ ಧರ್ಮ, ಸಂಸ್ಕೃತಿ, ಕಾನೂನಿನ ಹೆದರಿಕೆ ಎಲ್ಲ ಎಲ್ಲಿ ಹೋಗಿರುತ್ತವೆ? ಮೂವತ್ತು ವರ್ಷದ ಇಬ್ಬರು ಗಂಡಸರು, ತಮ್ಮ ಕೈಯಾರೆ ಮ್ಯಾಟರ್ ಬರೆದುಕೊಂಡು ಬಂದವರು, ಕಣ್ಣೆದುರು ನಿಂತಾಗ ಮಾತ್ರ ನಮಗೆ ಮಶೀನು ಕೆಟ್ಟದ್ದು ನೆನಪಾಗುತ್ತದೆ. ಹದಿನಾರರ ಹುಡುಗಿ ಅಂಗಡಿಗೆ ಬಂದಿರುವುದೇ ಇಲ್ಲ. ಅವಳ ಹೆಸರಿನ ಹಿಂದೆ ‘ಚಿ|| ಸೌ|| ಕುಂ||’ ಅಂತ ಚಿನ್ನದ ಬಣ್ಣದಲ್ಲಿ ಹಾಕಿ ಕೊಡುತ್ತೇವೆ.

ಇದನ್ನು ಬರೆಯುವಾಗ ನನ್ನ ಕೈ ಶುದ್ಧ ಇದೆ ಅಂತ ಹೇಳುತ್ತಿಲ್ಲ.

ಮನಸ್ಸಾಕ್ಷಿಗೆ ಒಪ್ಪದ ಕೆಲಸ ಮಾಡಲೇಬೇಕೇ ಅಂತ ಒಬ್ಬ ಗೆಳೆಯ ಕೇಳಿದ. ಒಳ್ಳೆ ಪ್ರಶ್ನೆ. ಅದಕ್ಕೆ ಜವಾಬು, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನ ಒಂದು ಬೇಕರಿಯ ಪ್ರಕರಣದಲ್ಲಿ ಸ್ವಲ್ಪ ಸಿಗುತ್ತದೆ. 2014ರಲ್ಲಿ ಗೇ ಗಿರಾಕಿಯೊಬ್ಬರು ಕೇಕಿನ ಮೇಲೆ ‘ಗೇ ಮದುವೆಯನ್ನು ಬೆಂಬಲಿಸಿ’ ಅಂತ ಬರೆದುಕೊಡಿ ಅಂದರು. ಬೇಕರಿಯವರು ಆಗುವುದಿಲ್ಲ ಅಂದರು. ಕೇಕಿನ ಬೆಲೆ 36 ಪೌಂಡ್ 50 ಪೆನ್ಸ್. ಅದರ ಮೇಲಿನ ಜಗಳ 2018ರ ಅಕ್ಟೋಬರ್ 10ಕ್ಕೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ನ್ಯಾಯಮೂರ್ತಿಗಳು ಒಮ್ಮತದಿಂದ ಬೇಕರಿಯ ಪರ ಹೇಳಿದರು. ಕಾರಣ ಕೇಳಿ: ಆ ಬರಹವನ್ನು ಯಾರು ಕೇಳಿದ್ದರೂ ಬೇಕರಿಯವರು ಬೇಡ ಅನ್ನುತ್ತಿದ್ದರು, ಬೇಡವಾಗಿದ್ದು ಬರಹ, ಮನುಷ್ಯ ಅಲ್ಲ. ಅದೇ ವರ್ಷ, ಗೇ ಜೋಡಿಯೊಂದರ ಮದುವೆಗೆ ಕೇಕ್ ಮಾಡಲು ಒಪ್ಪದ ಅಮೆರಿಕದ ಕೊಲೊರಾಡೋದ ಕೇಕ್ ಅಂಗಡಿಯವನೂ ಗೆದ್ದ. ಆದರೆ ಅದು ಆ ಜೋಡಿಯ ದೂರು ಕೇಳಿದ ಅಲ್ಲಿನ ನಾಗರಿಕ ಹಕ್ಕುಗಳ ಆಯೋಗ ಅವನ ಧರ್ಮದ ಬಗ್ಗೆ ಹಗುರವಾಗಿ ನಡೆದುಕೊಂಡಿತು ಅನ್ನುವ ಕಾರಣಕ್ಕೆ. ಅಂಗಡಿಯವರು ಬೇಕಾದವರನ್ನು ವಾಪಸ್ ಕಳಿಸಬಹುದು ಅಂತ ಆ ಕೋರ್ಟು ಹೇಳಲಿಲ್ಲ.

ಪ್ರೆಸ್ಸಿನವನಿಗೆ ಈ ಗೆರೆ ಚೆನ್ನಾಗಿ ಗೊತ್ತು. ಚುನಾವಣೆಯಲ್ಲಿ ಎದುರಾಳಿಯ ತಾಯಿಯನ್ನು ಬೈಯುವ ಕರಪತ್ರ ಹಾಕಿ ಅಂತ ಬಂದಿದ್ದಾರೆ, ನಾನು ಹಾಕಿಲ್ಲ. ಯಾವ ಪಕ್ಷ ಬಂದರೂ ಹಾಕುವುದಿಲ್ಲ. ಆದರೆ ಲಗ್ನಪತ್ರಿಕೆ ಅಂದರೆ ಏನು? ತಾರೀಕು, ವೇಳೆ, ಜಾಗ, ಊಟ. ಅದರಲ್ಲಿ ಕರೆಯುವವರು ಅವರು, ನಾನಲ್ಲ. ಗಣಪತಿಯ ಚಿತ್ರ ಹಾಕಿ ಕೊಡುತ್ತೇನೆ, ಉರೂಸಿಗೆ ಚಂದ್ರನ ಚಿತ್ರ ಹಾಕಿ ಕೊಡುತ್ತೇನೆ, ಚರ್ಚಿನ ಹಬ್ಬಕ್ಕೆ ಶಿಲುಬೆ ಹಾಕಿ ಕೊಡುತ್ತೇನೆ. ಇಷ್ಟು ವರ್ಷದಲ್ಲಿ ಯಾರೂ ನನ್ನ ಧರ್ಮ ಯಾವುದು ಅಂತ ಗೊಂದಲ ಪಟ್ಟಿಲ್ಲ. ನನ್ನ ಹೆಸರು ಕಾರ್ಡಿನ ಹಿಂದೆ, ಕೆಳಗಿನ ಮೂಲೆಯಲ್ಲಿ, ಆರು ಪಾಯಿಂಟಿನ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಲು ಕನ್ನಡಕ ಬೇಕು.

ಇನ್ನು ಪಟ್ಟಿ ಮಾಡಿದ ಯುವಕ ಯುವತಿಯರಿಗೆ. ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಆದರೆ ಒಂದು ವಿಷಯ ನೀವು ಲೆಕ್ಕಕ್ಕೆ ಹಿಡಿದಿಲ್ಲ. ಕೊಲೊರಾಡೋದ ಆ ಜೋಡಿ ತಮ್ಮ ಸ್ವಂತ ಹೆಸರಿನಲ್ಲಿ ದೂರು ಕೊಟ್ಟಿತು. ಇಲ್ಲಿ ಹಾಗೆ ಕೊಡುವ ಧೈರ್ಯ ಎಷ್ಟು ಜನಕ್ಕೆ ಇದೆ? ನನ್ನ ಅಂಗಡಿಗೆ ಬಂದ ಇಬ್ಬರಲ್ಲಿ ಒಬ್ಬನ ಮನೆಯವರಿಗೆ ಆ ಊಟದ ಸುದ್ದಿಯೇ ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು. ನೀವು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಇಂಥ ವಾರ, ಇಂಥ ಕಡೆಯಿಂದ ಬಂದ ಇಬ್ಬರನ್ನು ವಾಪಸ್ ಕಳಿಸಿದರು’ ಅಂತ ಬರೆದಿದ್ದಿರಿ. ನಮ್ಮದು ಎಷ್ಟು ದೊಡ್ಡ ಊರು? ಶಹಾಪುರದಲ್ಲಿ ಸೀನಿದರೆ ಟಿಳಕವಾಡಿಯಲ್ಲಿ ಆರೋಗ್ಯ ವಿಚಾರಿಸುತ್ತಾರೆ. ಪಟ್ಟಿ ಬಂದ ದಿನವೇ ನಾಲ್ಕು ಜನ ನನ್ನ ಹತ್ತಿರ ಬಂದು, “ಯಾರವ್ರು? ಯಾರ ಮಗ?” ಅಂತ ಕೇಳಿದರು. ನನಗೆ ಬೈಯಲು ಬಂದವರಲ್ಲ, ಅವರನ್ನು ಹುಡುಕಲು ಬಂದವರು. ನಾನು ಹೇಳಲಿಲ್ಲ. ಬೇರೆ ಅಂಗಡಿಯವನು ಹೇಳಿಬಿಟ್ಟಿದ್ದರೆ?

ಹಾಗಾಗಿ ಕೈಮುಗಿದು ಕೇಳುತ್ತೇನೆ, ಯಾರಿಗೆ ಅನ್ಯಾಯ ಆಯಿತೋ ಅವರನ್ನು ಕೇಳದೆ ಏನನ್ನೂ ಹಾಕಬೇಡಿ. ಅವರು ಬೇಡ ಅಂದರೆ ಬೇಡ. ಅಂಗಡಿಯನ್ನೇ ನೋಡದವರು ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ ಕೂತು ಒಂದು ಸ್ಟಾರ್ ಒತ್ತುವುದನ್ನೂ ಬಿಡಿ. ನನ್ನ ಪ್ರೆಸ್ಸಿಗೆ ಬಂದ ಒಂದು ಸ್ಟಾರಿನ ಕೆಳಗೆ ‘ಊಟ ಚೆನ್ನಾಗಿಲ್ಲ’ ಅಂತ ಬರೆದಿದೆ.

ಹಾಗಾದರೆ ಏನು ಮಾಡಬೇಕು ಅಂದರೆ, ನನ್ನ ವಿಷಯದಲ್ಲಿ ಏನು ಕೆಲಸ ಮಾಡಿತು ಅಂತ ಹೇಳುತ್ತೇನೆ. ಪಟ್ಟಿ ಬಂದ ವಾರ ನಮ್ಮ ಹಳೇ ಗಿರಾಕಿಯೊಬ್ಬರ ಮಗಳು ವಿಸಿಟಿಂಗ್ ಕಾರ್ಡ್ ಒಯ್ಯಲು ಬಂದಳು. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಕತ್ತರಿಸಿ ಉಳಿದ ಬಣ್ಣದ ಪೇಪರ್ ಚೂರು ಕೇಳಿಕೊಂಡು ಬರುತ್ತಿದ್ದ ಹುಡುಗಿ. ದುಡ್ಡು ಕೊಟ್ಟಳು, ಚಿಲ್ಲರೆ ತೆಗೆದುಕೊಂಡಳು, ಹೋಗಲಿಲ್ಲ. “ಕಾಕಾ, ಪಟ್ಟಿಯೊಳಗ ನಿಮ್ಮ ಹೆಸರು ಹಾಕಿದಾಕಿ ನಾನ” ಅಂದಳು.

ನನಗೆ ಸಿಟ್ಟು ಬಂತು. ನಿಮ್ಮ ಅಪ್ಪನ ಲಗ್ನದ ಕಾರ್ಡೂ ನಾನೇ ಹಾಕಿದ್ದು ಅಂತೆಲ್ಲ ಅಂದೆ. ಅದೇನೂ ನಿಜ ಅಲ್ಲ, ಆಗ ನನ್ನ ಪ್ರೆಸ್ಸೇ ಇರಲಿಲ್ಲ, ಸಿಟ್ಟಿನಲ್ಲಿ ಬಂದುಬಿಟ್ಟಿತು. ಅವಳು ದನಿ ಏರಿಸಲಿಲ್ಲ. “ಅವರಿಗೆ ಮಶೀನ್ ಸಪ್ಪಳ ಕೇಳಿಸ್ತಿತ್ತಂತ ಕಾಕಾ” ಅಂದಳು. ಅಷ್ಟೇ ಹೇಳಿ ಕಾರ್ಡಿನ ಡಬ್ಬಿ ಎತ್ತಿಕೊಂಡಳು.

ಆಮೇಲೆ ಅವಳ ಜೊತೆ ಎರಡು ಸಲ ಕೂತು ಮಾತಾಡಿದ್ದೇನೆ. ಸಿಹಿ ಅಂಗಡಿಯವರ ಕುಂದಾದ ವಿಷಯ ಗೊತ್ತಾಗಿದ್ದು ಅವಳಿಂದಲೇ. ಅವರ ಹೆಸರನ್ನು ತೆಗೆಯಬೇಕು ಅಂತ ಅವಳಿಗೂ ಅನ್ನಿಸಿದೆ, ಆದರೆ ಮೊಬೈಲಿನಲ್ಲಿ ಹೋದದ್ದನ್ನು ವಾಪಸ್ ತರುವುದು ಹೇಗೆ? ಪಟ್ಟಿಯಿಂದ ನನಗೆ ಬಂದದ್ದು ಹೆದರಿಕೆ. ಅವಳು ಎದುರು ನಿಂತು ಹೇಳಿದ ಒಂದು ಮಾತಿನಿಂದ ರಾತ್ರಿ ನಿದ್ದೆ ಹೋಯಿತು. ಅಂಗಡಿ ಬಿಡುವುದಿದ್ದರೆ ಬಿಡಿ, ಆದರೆ ಯಾಕೆ ಬಿಡುತ್ತಿದ್ದೇವೆ ಅಂತ ಕೌಂಟರಿನ ಮುಂದೆ ನಿಂತು ಒಂದು ಸಲ ಹೇಳಿ ಬಿಡಿ. ನಮ್ಮ ಧಂದೆಯಲ್ಲಿ ಗಿರಾಕಿ ಸುಮ್ನೆ ಹೋದರೆ, ರೇಟ್ ಜಾಸ್ತಿ ಆಯಿತೇನೋ ಅಂದುಕೊಳ್ಳುತ್ತೇವೆ.

ನಾನು ಮಾಡಿಕೊಂಡಿರುವ ಬದಲಾವಣೆ ಸಣ್ಣದು. ನಮ್ಮ ಡಿಟಿಪಿ ಮಾಡುವ ಹುಡುಗಿಗೆ ಹೇಳಿ ಕಂಪ್ಯೂಟರಿನಲ್ಲಿ ಎರಡು ಹೊಸ ಫೈಲ್ ಮಾಡಿಸಿದ್ದೇನೆ. ಒಂದರಲ್ಲಿ ಎರಡೂ ಕಡೆ ‘ಚಿ|| ರಾ||’, ಇನ್ನೊಂದರಲ್ಲಿ ಎರಡೂ ಕಡೆ ‘ಚಿ|| ಸೌ|| ಕುಂ||’. ಅವಳು ಒಂದೇ ಪ್ರಶ್ನೆ ಕೇಳಿದಳು: “ಮಕ್ಕಳ ಸಾಲು ಇಡ್ಲೇನ್ರಿ?” ಅದೇ, ‘ನಮ್ಮ ಮಾಮಾನ ಮದುವೆಗೆ ತಪ್ಪದೆ ಬನ್ನಿ’ ಅಂತ ಕೆಳಗೆ ಹಾಕುತ್ತೇವಲ್ಲ, ಅದು. ಇಡು ಅಂದೆ. ರೇಟು ಎಲ್ಲರಿಗೂ ಇರುವುದೇ. ವಯಸ್ಸಿನ ದಾಖಲೆಯ ಜೆರಾಕ್ಸ್ ಕೊಡಬೇಕು, ಅದೂ ಎಲ್ಲರಿಗೂ, ಈ ತಿಂಗಳಿನಿಂದ. ಮೊನ್ನೆ ಒಬ್ಬ ಅಪ್ಪ ಜೆರಾಕ್ಸ್ ಕೇಳಿದ್ದಕ್ಕೆ ಸಿಟ್ಟಾಗಿ ಬೇರೆ ಪ್ರೆಸ್ಸಿಗೆ ಹೋದ. 700 ಕಾರ್ಡು. ಹೋಗಲಿ.

ಕೊನೆಗೆ ಆ ಇಬ್ಬರಿಗೆ. ಇದನ್ನು ನೀವು ಓದುತ್ತೀರೋ ಇಲ್ಲವೋ ಗೊತ್ತಿಲ್ಲ. ಮಶೀನು ಕೆಟ್ಟಿರಲಿಲ್ಲ. ತಪ್ಪಾಯಿತು. ನೀವು ಬೇರೆ ಊರಿನಲ್ಲಿ ಹಾಕಿಸಿದ ಕಾರ್ಡನ್ನು ಆ ಹುಡುಗಿ ನನಗೆ ತೋರಿಸಿದಳು. ಪೇಪರ್ ಚೆನ್ನಾಗಿದೆ, ಬಣ್ಣವೂ ಒಪ್ಪುತ್ತದೆ. ಆದರೆ ಕೆಳಗೆ ‘ಆಗಮನಾಭಿಲಾಷಿಗಳು’ ಅಂತ ಇರಬೇಕಾದ ಕಡೆ ‘ಆಗಮಾಭಿಲಾಷಿಗಳು’ ಅಂತ ಬಿದ್ದಿದೆ, ಒಂದು ‘ನ’ ಹೋಗಿದೆ. ನಮ್ಮಲ್ಲಿ ಆಗಿದ್ದರೆ ಎರಡನೇ ಪ್ರೂಫಿನಲ್ಲಿ ಸಿಗುತ್ತಿತ್ತು.

ಇಂತಿ ನಿಮ್ಮವ,
ಶಹಾಪುರದ ಪ್ರೆಸ್ಸಿನವ, ಪಟ್ಟಿಯಲ್ಲಿ ಏಳನೆಯವ